ಗುರುವಾರದ ಬಿಳಿ ಪ್ಯಾಂಟು

“ಅಮ್ಮಾ, ಕ್ಲೆಮ್ ತಾತ ಯಾಕೆ ಯಾವಾಗ್ಲೂ ಬಿಳಿ ಪ್ಯಾಂಟೇ ಹಾಕ್ಕೊಂಡು ಗೋಧಿ ಹೊಲಕ್ಕೆ ಹೋಗೋದು? ಕೊಳೆ ಆಗಲ್ವಾ?”

ಐದು ವರ್ಷದ ವಿನ್ನಿ ಹೀಗೆ ಕೇಳಿದಾಗ ಟೀಗನ್ ಅಡುಗೆಮನೆಯಲ್ಲಿ ಮಂಡಿಯೂರಿ, ಒಲೆಯ ಹಿಂದಿನ ಗೋಡೆಯ ಬಿರುಕಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಚಾಕುವಿನ ತುದಿಯಿಂದ ತುರುಕುತ್ತಿದ್ದಳು. ಇಲಿ ಮರ ಕಡಿಯುತ್ತದೆ, ಸೋಪು ಕಡಿಯುತ್ತದೆ, ಕರೆಂಟಿನ ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಉಕ್ಕಿನ ನಾರಿಗೆ ಮಾತ್ರ ಬಾಯಿ ಹಾಕುವುದಿಲ್ಲ ಎಂದು ಯಾರೋ ಹೇಳಿದ್ದರು. ಬೆಳಗಿನಿಂದ ಇದು ಒಂಬತ್ತನೆಯ ಬಿರುಕು.

“ಕೊಳೆ ಆಗ್ಲಿ ಅಂತಾನೇ ಹಾಕ್ಕೊಳ್ಳೋದು,” ಎಂದಳು.

“ನಾನು ಕೊಳೆ ಮಾಡ್ಕೊಂಡ್ರೆ ಬೈತೀಯ.”

“ನೀನು ಕ್ಲೆಮ್ ತಾತನಷ್ಟು ದೊಡ್ಡೋಳಾದ್ಮೇಲೆ ಬೈಯಲ್ಲ. ಆ ನಾರು ಕೊಡು ಇಲ್ಲಿ.”

ಕಿಟಕಿಯಾಚೆ ನೆರೆಹೊರೆಯ ಕ್ಲೆಮ್ ಪಾಸ್ಕೋ ಬೇಲಿ ದಾಟಿ ಬರುತ್ತಿದ್ದ. ಎಪ್ಪತ್ತೊಂದು ವರ್ಷ, ಬೇಲಿಯ ಕಂಬದಂತೆ ಸಣಕಲು ಮೈ, ತಲೆಯ ಮೇಲೆ ಬೆವರಿನ ಉಪ್ಪು ಕಟ್ಟಿದ ಟೋಪಿ, ಸೊಂಟದಿಂದ ಕೆಳಗೆ ಮದುವೆ ಗಂಡಿನ ಬಿಳಿ. ಅದು ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟದವರ ಪ್ಯಾಂಟು. ಒಂದು ಕಾಲಕ್ಕೆ ಯಾರಂಡೂಲ್ ಊರಿನ ಬೌಲ್ಸ್ ಕ್ಲಬ್ಬಿನಲ್ಲಿ ಇಸ್ತ್ರಿಯ ಗೆರೆ ಕತ್ತಿಯಂತಿರದ ಪ್ಯಾಂಟಿನವನನ್ನು ಆಟಕ್ಕೇ ಬಿಡುತ್ತಿರಲಿಲ್ಲ. ಈಗ ಅಲ್ಲಿಯೂ ಬಣ್ಣಬಣ್ಣದ ಅಂಗಿ ಬಂದಿದೆ. ಸತ್ತ ಸದಸ್ಯರ ಹೆಂಡತಿಯರು ಬೀರು ಖಾಲಿ ಮಾಡುವಾಗ ಬಿಳಿಯನ್ನೆಲ್ಲ ಗಂಟು ಕಟ್ಟಿ ಕ್ಲೆಮ್‌ನ ಗೇಟಿಗೆ ನೇತುಹಾಕಿ ಹೋಗುತ್ತಾರೆ. ಯಾರ ಪ್ಯಾಂಟು ಯಾವುದೆಂದು ಅವನಿಗೆ ನೆನಪಿದೆ. “ಇವತ್ತು ನಾನು ಸ್ಟ್ಯಾನ್,” ಎನ್ನುತ್ತಾನೆ. “ಸೊಂಟ ಸಡಿಲ. ಸ್ಟ್ಯಾನ್ ಯಾವತ್ತೂ ಊಟ ಬಿಟ್ಟವನಲ್ಲ.”

ಪ್ರತಿ ಗುರುವಾರ ಇಬ್ಬನಿ ಆರಿದ ಮೇಲೆ ಅವನು ಐದು ಮನೆಯವರ ಗೋಧಿ ಹೊಲಗಳಲ್ಲಿ ನಡೆಯುತ್ತಾನೆ. ಒಂದೊಂದು ಹೊಲಕ್ಕೆ ಒಂದೊಂದು ಪ್ಯಾಂಟು. ಹೊಲದಿಂದ ಹೊರಗೆ ಬಂದವನು ಅದನ್ನು ಬಿಚ್ಚಿ, ಮಡಿಸಿ, ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬೇರೆಯದನ್ನು ತೊಟ್ಟು ಮುಂದಿನ ಹೊಲಕ್ಕೆ ಹೋಗುತ್ತಾನೆ. ರಸ್ತೆಯಲ್ಲಿ ಹೋಗುವ ಲಾರಿಯವರು ಚಡ್ಡಿಯಲ್ಲಿ ನಿಂತ ಮುದುಕನನ್ನು ನೋಡಿ ಹಾರ್ನ್ ಹೊಡೆಯುತ್ತಾರೆ, ಅವನು ಟೋಪಿ ಎತ್ತುತ್ತಾನೆ. ಅವನು ಹುಡುಕುವುದು ತುಕ್ಕುರೋಗವನ್ನು. ಗೋಧಿಯ ಎಲೆಗೆ ತುಕ್ಕು ಬಂದರೆ ಮೊದಲು ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಗೆ ಕಾಣುತ್ತದೆ. ಮೊಣಕಾಲಿನಿಂದ ಕೆಳಗೆ ಅರಿಶಿನದಂಥ ಪುಡಿ ಮೆತ್ತಿಕೊಳ್ಳುತ್ತದೆ; ಆ ಪುಡಿ ಹೋದ ಕಡೆಗೆಲ್ಲ ರೋಗವೂ ಹೋಗುತ್ತದೆ. ಐದೂ ಪ್ಯಾಂಟು ಬಿಳಿಯಾಗಿಯೇ ಉಳಿದರೆ ಅವನು ಮಧ್ಯಾಹ್ನ ತನ್ನ ಗೇಟಿಗೆ ಬಿಳಿ ಬಕೆಟ್ಟೊಂದನ್ನು ನೇತುಹಾಕುತ್ತಾನೆ. ಅತ್ತ ಇತ್ತ ಹೋಗುವವರು ಬಕೆಟ್ಟು ನೋಡಿ ನೆಮ್ಮದಿಯಾಗುತ್ತಾರೆ. ಟೀಗನ್ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಗುರುವಾರದ ಚೌಕದೊಳಗೆ, ಮಗುವಿನ ಲಸಿಕೆ ಮತ್ತು ಗ್ಯಾಸ್ ಸಿಲಿಂಡರಿನ ನಡುವೆ, ಅವಳದೇ ಕೈಬರಹದಲ್ಲಿ ಎರಡು ಪದ ಇರುತ್ತಿದ್ದವು: ಕ್ಲೆಮ್, ಬಿಳಿ.

ಆದರೆ ಆ ಮಾರ್ಚ್ ತಿಂಗಳಲ್ಲಿ ತುಕ್ಕನ್ನು ಯಾರು ಲೆಕ್ಕಕ್ಕಿಡುತ್ತಿದ್ದರು? ಊರಿಗೆ ಊರೇ ಇಲಿಯಾಗಿತ್ತು.

ಹಿಂದಿನ ಸುಗ್ಗಿ ಚೆನ್ನಾಗಿತ್ತು, ಬೇಸಿಗೆಯಲ್ಲಿ ಮಳೆಯೂ ಬಂತು, ಚೆಲ್ಲಿದ ಕಾಳು ಹೊಲದಲ್ಲೇ ಇತ್ತು. ಇಲಿಗೆ ಇನ್ನೇನು ಬೇಕು. ಮೊದಮೊದಲು ಬೋನಿನಲ್ಲಿ ಬಿದ್ದದ್ದನ್ನು ವಿನ್ನಿ ಎಣಿಸುತ್ತಿದ್ದಳು. ಆಮೇಲೆ ಅವಳಿಗೆ ಬರುವ ಸಂಖ್ಯೆಗಳು ಮುಗಿದವು. ಸಂಜೆ ಐದಕ್ಕೆ ಕಣಜದ ಕಡೆ ನೋಡಿದರೆ ನೆಲವೇ ಅಲುಗಿದಂತೆ ಕಾಣುತ್ತಿತ್ತು. ಬಟ್ಟೆ ಒಗೆಯುವ ಯಂತ್ರದ ಹಿಂದೆ ಗುಲಾಬಿ ಮರಿಗಳ ಗೂಡು; ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಹಲ್ಲಿನ ಗುರುತು; ಮನೆಯ ಮೂಲೆಮೂಲೆಯಲ್ಲಿ ಹಳೇ ಮೂತ್ರದ ವಾಸನೆ, ತಲೆದಿಂಬಿನಲ್ಲಿ ಕೂಡ. ಗೋಡೆಯೊಳಗಿನ ಸದ್ದಂತೂ ಮಳೆ ಹನಿದ ಹಾಗೆ, ನಿಲ್ಲುತ್ತಲೇ ಇರಲಿಲ್ಲ. ಟೀಗನ್ ತೊಟ್ಟಿಲಿನ ನಾಲ್ಕು ಕಾಲನ್ನೂ ನೀರು ತುಂಬಿದ ಕೇಕಿನ ತಟ್ಟೆಗಳಲ್ಲಿ ಇಟ್ಟಿದ್ದಳು. ಹೊದಿಕೆಯ ಅಂಚು ಕೆಳಗೆ ಜೋಲದಂತೆ ಪಿನ್ನು ಹಾಕಿದ್ದಳು. ಬೆಳಿಗ್ಗೆ ತಟ್ಟೆಯ ನೀರಿನಲ್ಲಿ ತೇಲುತ್ತಿದ್ದುದನ್ನು ಚೆಲ್ಲಿ ಬರುವುದು ಗಂಡ ಡೂಗಲ್‌ನ ಕೆಲಸ. ಅದನ್ನು ಅವಳು ಮದುವೆಯ ಕರಾರು ಎಂಬಂತೆ ಅವನಿಗೆ ಒಪ್ಪಿಸಿಬಿಟ್ಟಿದ್ದಳು.

ಆ ಗುರುವಾರ ಕ್ಲೆಮ್ ವರಾಂಡದಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಡೂಗಲ್ ಸತ್ತ ಇಲಿಗಳ ಬಕೆಟ್ಟು ಹಿಡಿದು ಅವನೆದುರೇ ಹಾದುಹೋದ. ಹೊಲದಲ್ಲಿ ಆಗ ಇದ್ದದ್ದು ಹಳೆಯ ಕೂಳೆ ಮತ್ತು ಉದುರಿದ ಕಾಳಿನಿಂದ ತಾನಾಗಿ ಮೊಳೆತ ಗೋಧಿ ಅಷ್ಟೇ. ಆದರೂ ಕ್ಲೆಮ್ ಅದರಲ್ಲೂ ನಡೆದು ಬಂದಿದ್ದ.

“ಇನ್ನೂ ತುಕ್ಕು ಹುಡುಕ್ತಿದೀರಾ, ಮಾರಾಯ್ರೆ?” ಎಂದ ಡೂಗಲ್. “ಈ ವರ್ಷ ಅದಕ್ಕೆ ತಿನ್ನೋಕೆ ಏನೂ ಉಳಿಯಲ್ಲ.”

“ಇಲಿಗೆ ಹೆದರ್ತೀಯಲ್ಲ, ಅದಕ್ಕೆ ಹೊಟ್ಟೆ ಅನ್ನೋದು ಒಂದಿದೆ,” ಎಂದ ಕ್ಲೆಮ್. “ತುಂಬಿದ್ರೆ ನಿಲ್ಲತ್ತೆ. ತಿನ್ನೋಕಿಲ್ದೆ ಇದ್ರೆ ಒಂದನ್ನೊಂದು ತಿಂದ್ಕೊಂಡು ಮುಗಿಯತ್ತೆ. ತುಕ್ಕಿಗೆ ಹೊಟ್ಟೇನೇ ಇಲ್ಲ.”

“ತುಕ್ಕು ಯಾವತ್ತಾದ್ರೂ ನಿಮ್ಮ ಸಾಕ್ಸ್ ತಿಂದಿದ್ಯಾ?”

“ಇಲ್ಲ. ಮಾವನ ಮನೆ ತಿಂದಿದೆ.”

ಡೂಗಲ್ ನಕ್ಕ. ಕ್ಲೆಮ್ ನಗಲಿಲ್ಲ. ಚಹಾದ ಲೋಟವನ್ನು ಪಕ್ಕಕ್ಕಿಟ್ಟು, ಹೇಳಲೋ ಬೇಡವೋ ಎಂಬಂತೆ ಮೆಲ್ಲಗೆ ಹೇಳಿದ: “ಇಲಿ ಬಂದ್ರೆ ಗೊತ್ತಾಗತ್ತೆ. ಸದ್ದು ಮಾಡತ್ತೆ, ನಾರತ್ತೆ, ಹೆಂಗಸರು ಕುರ್ಚಿ ಹತ್ತುತಾರೆ. ಸಾಲು ಕೆದಕಿ ಬೀಜ ತಿಂದ್ರೆ ಮಣ್ಣಿನ ಮೇಲೆ ತೂತು ಕಾಣತ್ತೆ, ಮತ್ತೆ ಬಿತ್ತಬಹುದು. ತುಕ್ಕು ಗಾಳೀಲಿ ಬರತ್ತೆ, ಬಾಗಿಲು ತಟ್ಟಲ್ಲ. ಒಳ್ಳೇ ಹಸಿರು ಗೋಧಿ ನೋಡಿ ಅಲ್ಲೇ ಕೂರತ್ತೆ. ಗಿಡ ಬೀಳಲ್ಲ, ಸಾಯಲ್ಲ, ನಿಂತೇ ಇರತ್ತೆ. ನೀನು ಬೇಲಿ ಹತ್ರ ನಿಂತು ಬೆಳೆ ಚೆನ್ನಾಗಿದೆ ಅಂದ್ಕೋತೀಯ. ಸುಗ್ಗೀಲಿ ತೆನೆ ಉಜ್ಜಿದ್ರೆ ಕೈಯಲ್ಲಿ ಬರೋದು ಹೊಟ್ಟು.”

“ಮಕ್ಕಳ ಮುಂದೆ ಇದೆಲ್ಲ ಬೇಡ, ಕ್ಲೆಮ್,” ಎಂದಳು ಟೀಗನ್. ವಿನ್ನಿ ಆಗಲೇ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡಿದ್ದಳು.

“ಸರಿ ಮಗಾ. ಆದ್ರೆ ಆ ಪಟ್ಟೆ ಸಾಯಿಸಿ.” ಅವನು ಗಲ್ಲದಿಂದ ಮನೆ ಮತ್ತು ಕಣಜದ ನಡುವಿನ ಹಸಿರನ್ನು ತೋರಿಸಿದ. ರಸ್ತೆಯಷ್ಟು ಅಗಲದ ಪಟ್ಟೆ. ತಾನಾಗಿ ಮೊಳೆತ ಗೋಧಿ ಅಲ್ಲಿ ಪಾದ ಮುಚ್ಚುವಷ್ಟು ಎತ್ತರಕ್ಕೆ ದಟ್ಟವಾಗಿತ್ತು. “ಬೇಸಿಗೇಲಿ ತುಕ್ಕಿಗೆ ಉಳಿಯೋಕೆ ಹಸಿರು ಗೋಧೀನೇ ಬೇಕು. ಹಳೇದು ಇದ್ರೆ ಅದರ ಮೇಲೆ ಕೂತು ಕಾಯತ್ತೆ. ಹೊಸ ಬೆಳೆ ಬಂದ ದಿನ ಮನೆ ಬದಲಾಯಿಸತ್ತೆ.”

ಉಳಿದ ಹೊಲದ ಹಸಿರಿಗೆಲ್ಲ ಡೂಗಲ್ ಎರಡು ವಾರದ ಹಿಂದೆಯೇ ಕಳೆನಾಶಕ ಹೊಡೆದಿದ್ದ. ಅದು ಒಣಗಿದ ಮೂರನೆಯ ದಿನ ಅಲ್ಲಿದ್ದ ಇಲಿಗಳೆಲ್ಲ ಮನೆಗೆ ಬಂದಿದ್ದವು. ಅಂದು ಮಧ್ಯಾಹ್ನ ಎರಡು ಗಂಟೆ. ನಾಲ್ಕು ತಿಂಗಳ ಟೋಬಿ ತೊಟ್ಟಿಲಿನಲ್ಲಿ ಮಲಗಿದ್ದ. ಅವನ ಅಳು ಕೇಳಿ ಟೀಗನ್ ಓಡಿ ಹೋದಾಗ ಹೊದಿಕೆಯ ಮಡಿಕೆಯೊಳಗೆ ಇಲಿಯೊಂದು ಕೂತಿತ್ತು. ಅವಳನ್ನು ನೋಡಿ ಅದು ಓಡಲಿಲ್ಲ, ಅದೇ ಅವಳಿಗೆ ಇಂದಿಗೂ ಮರೆಯಲಾಗದ್ದು. ಮಗುವಿನ ಕಿರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದಂಥ ಎರಡು ಕೆಂಪು ಚುಕ್ಕೆ. ಇಲಿ ಕಿಟಕಿಯ ಪರದೆ ಹತ್ತಿ ಅಲ್ಲಿಂದ ತೊಟ್ಟಿಲಿಗೆ ಹಾರಿರಬೇಕು. ಅವಳು ಅದನ್ನು ಕೈಯಿಂದಲೇ ಹಿಡಿದು ಗೋಡೆಗೆ ಹೊಡೆದಳು. ಆಮೇಲೆ ಕೈ ತೊಳೆದಳು, ಮಗುವಿನ ಬೆರಳು ತೊಳೆದಳು, ಅರವತ್ತು ಕಿಲೋಮೀಟರ್ ದೂರದ ದಾದಿಗೆ ಫೋನು ಮಾಡಿದಳು, ಹೊದಿಕೆ ಒಗೆಯಲು ಹಾಕಿದಳು. ಅಷ್ಟೆಲ್ಲ ಆದ ಮೇಲೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತಳು.

ಅಂದೇ ಅವಳು ಗಂಡನಿಗೆ ಹೇಳಿದ್ದಳು: ಆ ಪಟ್ಟೆ ಮುಟ್ಟಬೇಡ. ಅವುಗಳಿಗೆ ಹೊರಗೆ ತಿನ್ನಲು ಇರಲಿ. ಇದ್ದರೆ ಒಳಗೆ ಬರುವುದಿಲ್ಲ.

ಈಗ ಅವಳು ಒಳಗೆ ಹೋದಳು. ಟೋಬಿಯನ್ನು ಎತ್ತಿ ತಂದು, ಅವನ ಕಿರುಬೆರಳನ್ನು ಕ್ಲೆಮ್‌ನ ಮುಖದ ಹತ್ತಿರ ಹಿಡಿದಳು. ಕ್ಲೆಮ್ ಆ ಬೆರಳನ್ನು ತನ್ನ ಒರಟು ಹೆಬ್ಬೆರಳಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಮಗು ಅವನ ಹೆಬ್ಬೆರಳನ್ನೇ ಬಾಯಿಗೆ ಎಳೆದುಕೊಳ್ಳಲು ಹೊರಟಿತು.

“ಇದೊಂದು ವರ್ಷ ಬಿಡಿ,” ಎಂದ ಕೊನೆಗೆ. “ನಾನು ಕಣ್ಣಿಟ್ಟಿರ್ತೀನಿ.”

ಪಟ್ಟೆ ಉಳಿಯಿತು. ಇಲಿಗಳು ನಿಜಕ್ಕೂ ಅದರೊಳಗೆ ಉಳಿದವು. ಮನೆಯೊಳಗಿನ ಸದ್ದು ಅರ್ಧಕ್ಕಿಳಿಯಿತು. ಮೇ ತಿಂಗಳಲ್ಲಿ ಡೂಗಲ್ ಬಿತ್ತಿದ, ಇಲಿ ತಿಂದ ಕಡೆ ಮತ್ತೆ ಬಿತ್ತಿದ. ಸಿಕ್ಕಷ್ಟು ವಿಷದ ಕಾಳು ಚೆಲ್ಲಿದ. ಭೂಮಿಯ ಈ ದಕ್ಷಿಣಾರ್ಧದಲ್ಲಿ ಚಳಿಗಾಲ ತರುವ ಜೂನ್ ಬಂತು, ಜುಲೈನಲ್ಲಿ ಒಂದು ವಾರ ಬಿಡದೆ ತಣ್ಣನೆಯ ಮಳೆ. ಒಂದು ಬೆಳಿಗ್ಗೆ ಟೀಗನ್ ಎದ್ದಾಗ ಏನೋ ತಪ್ಪಿದೆ ಅನ್ನಿಸಿತು. ಏನೆಂದು ತಿಳಿಯದೆ ಗಾಬರಿಯಿಂದ ಟೋಬಿಯ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ಮಗು ಉಸಿರಾಡುತ್ತಿತ್ತು. ಗೋಡೆಗಳು ಸುಮ್ಮನಾಗಿದ್ದವು, ಅಷ್ಟೇ. ನಾಲ್ಕು ತಿಂಗಳ ಬಳಿಕ ಬಂದ ಆ ಮೌನಕ್ಕೆ ಸಂತೋಷಪಡುವುದು ಹೇಗೆಂದು ಅವಳಿಗೆ ತೋಚಲಿಲ್ಲ. ಕೇಕಿನ ತಟ್ಟೆಗಳನ್ನು ತೊಟ್ಟಿಲಿನ ಕಾಲಿನಿಂದ ತೆಗೆಯಲು ಇನ್ನೂ ಒಂದು ವಾರ ಬೇಕಾಯಿತು.

ಗೋಧಿ ಚೆನ್ನಾಗಿ ಬಂದಿತ್ತು. ಮೊಣಕಾಲೆತ್ತರ, ನೋಡಿದರೆ ಕಣ್ಣು ತಣ್ಣಗಾಗುವಂಥ ಹಸಿರು. ಕ್ಲೆಮ್‌ನ ಗೇಟಿನಲ್ಲಿ ಗುರುವಾರ ತಪ್ಪದೆ ಬಕೆಟ್ಟು ತೂಗುತ್ತಿತ್ತು. ಒಂದು ಸಲ ಮಾತ್ರ ಬಿಳಿಯ ಬದಲು ತಿಳಿಹಳದಿ ಬಕೆಟ್ಟು ಇತ್ತು, ಕುರಿಗೆ ಮೇವು ಹಾಕುವುದು. ಅತ್ತ ಬಂದ ಮರ್ವ್ ಬ್ರೆಂಟ್ನಲ್, ಪಕ್ಕದ ಹೊಲದವನು, ಗಾಡಿ ನಿಲ್ಲಿಸಿ ಕೂಗಿದ್ದ: “ಏನ್ ಕ್ಲೆಮ್, ಬಕೆಟ್ಟಿಗೂ ತುಕ್ಕು ಹಿಡೀತಾ?” ಕ್ಲೆಮ್ ಬಕೆಟ್ಟಿನ ಕಡೆ ನೋಡಿ, ಮರ್ವ್ ಕಡೆ ನೋಡಿ, ತುಸು ತಡವಾಗಿ ನಕ್ಕನಂತೆ. ಈ ಕಥೆಯನ್ನು ಮರ್ವ್ ಎಲ್ಲರಿಗೂ ಹೇಳಿದ, ಎಲ್ಲರೂ ನಕ್ಕರು. ಟೀಗನ್ ಕೂಡ.

ಆಗಸ್ಟ್ ಕೊನೆಯ ಗುರುವಾರ. ಡೂಗಲ್ ದೂರದ ಹೊಲದಲ್ಲಿ ಬೇಲಿ ಕಟ್ಟುತ್ತಿದ್ದ, ಅಲ್ಲಿ ಫೋನು ಸಿಗುವುದಿಲ್ಲ. ಟೀಗನ್ ಕುಂಬಳಕಾಯಿ ಹಾಕಿದ ಸ್ಕೋನ್ ಬನ್ನುಗಳನ್ನು ಒಲೆಯಿಂದ ತೆಗೆದು ವರಾಂಡಕ್ಕೆ ತಂದಳು. ಕ್ಲೆಮ್ ಅವರ ಹೊಲವನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಾನೆ, ಚಹಾದ ಆಸೆಗೆ. ಅವನು ಪಟ್ಟೆಯ ಪಕ್ಕದ ಸಾಲುಗಳಲ್ಲಿ ನಡೆದು ಬಂದು ಮೆಟ್ಟಿಲ ಮೇಲೆ ಕೂತ. ಟೋಪಿ ತೆಗೆದ.

“ಬಿಳಿ,” ಎಂದ. “ನಾಳೆ ಸಂಜೆ ವಾಯವ್ಯದ ಗಾಳಿ ಏಳತ್ತಂತೆ. ಏಳಲಿ. ಬೆಳೆ ಚೊಕ್ಕವಾಗಿದೆ.”

ಟೀಗನ್ ಒಳಗೆ ಹೋಗಿ ಕ್ಯಾಲೆಂಡರಿನಲ್ಲಿ ಆ ಎರಡು ಪದ ಬರೆದಳು. ಬೆಣ್ಣೆಯ ತಟ್ಟೆ ಹಿಡಿದು ಹೊರಗೆ ಬಂದಾಗ ವಿನ್ನಿ ಕ್ಲೆಮ್‌ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವನ ಕಾಲನ್ನೇ ನೋಡುತ್ತಿದ್ದಳು.

“ಕ್ಲೆಮ್ ತಾತ, ಕಸ್ಟರ್ಡ್ ಪುಡಿ ಚೆಲ್ಕೊಂಡಿದೀರಾ?”

“ಕಸ್ಟರ್ಡಾ? ನಿಮ್ಮಮ್ಮ ಬರೀ ಬನ್ ಕೊಡ್ತಾಳೆ, ಕಸ್ಟರ್ಡ್ ಎಲ್ಲಿ ಕೊಡ್ತಾಳೆ,” ಎಂದು ನಗುತ್ತಾ ಅವನು ಬೆಣ್ಣೆಗೆ ಕೈ ಚಾಚಿದ.

ಟೀಗನ್ ತಟ್ಟೆಯನ್ನು ಕೆಳಗಿಟ್ಟಳು. ಎರಡೂ ಕಾಲಿನಲ್ಲಿ, ಮೊಣಕಾಲಿನ ಕೆಳಗಿನಿಂದ ಕಣಕಾಲಿನವರೆಗೆ, ಬಿಳಿ ಬಟ್ಟೆಯ ಮೇಲೆ ಹಳದಿ. ಎಡಗಾಲಿನ ಮೀನಖಂಡದ ಬಳಿ ಅಂಗೈಯಗಲ ದಟ್ಟವಾಗಿ. ಅವಳು ಹೆಬ್ಬೆರಳಿನಿಂದ ಒರೆಸಿದಳು. ಮಣ್ಣಿನಂತೆ ತರಿಯಾಗಿರಲಿಲ್ಲ. ನುಣುಪು, ಮಗುವಿನ ಮೈಗೆ ಹಾಕುವ ಪೌಡರಿನಷ್ಟು ನುಣುಪು. ಬೆರಳಿನ ಗೆರೆಗಳೆಲ್ಲ ಹಳದಿಯಾಗಿ ಎದ್ದು ಕಂಡವು.

“ವಿನ್ನಿ, ಒಳಗೆ ಹೋಗಿ ಟೋಬಿ ಎದ್ದನಾ ನೋಡು.”

“ಅವನು ಎದ್ದಿಲ್ಲ.”

“ನೋಡು ಅಂದೆ.”

ಅವಳ ದನಿಗೆ ಕ್ಲೆಮ್‌ನ ಕೈ ಬೆಣ್ಣೆಯ ಚಾಕುವಿನ ಮೇಲೆಯೇ ನಿಂತಿತು. ವಿನ್ನಿ ಒಳಗೆ ಹೋದಳು.

“ಏನು ಮಗಾ?”

“ಕ್ಲೆಮ್, ನಿಮ್ಮ ಪ್ಯಾಂಟು.”

ಅವನು ಬಗ್ಗಿ ನೋಡಿದ. ಮೂಗು ಮೊಣಕಾಲಿಗೆ ತಾಗುವಷ್ಟು ಬಗ್ಗಿದ. ತಲೆಯನ್ನು ಅತ್ತ ಇತ್ತ ಓರೆ ಮಾಡಿದ, ಬಿಸಿಲಿಗೆ ಹಿಡಿದ. ಮತ್ತೆ ನೆಟ್ಟಗೆ ಕೂತ.

“ಯಾವ ಬಣ್ಣ?” ಎಂದು ಕೇಳಿದ.

ಆಗ ಟೀಗನ್‌ಗೆ ಗೊತ್ತಾಯಿತು. ಹಳದಿ ಬಕೆಟ್ಟು, ತಡವಾಗಿ ಬಂದ ನಗು, ಈಚೆಗೆ ಅವನ ಗಾಡಿ ರಸ್ತೆಯ ನಡುವೆಯೇ ಆಮೆಯಂತೆ ಹೋಗುತ್ತಿದ್ದುದು, ಎಲ್ಲ ಒಂದೇ ಸಲಕ್ಕೆ ಒಂದಕ್ಕೊಂದು ಕೂಡಿಕೊಂಡಿತು.

“ಎಷ್ಟು ದಿನದಿಂದ?” ಎಂದಳು.

“ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಯ್ತು. ಇಷ್ಟು ಬಲಿತದ್ದು... ಜೂನಿಂದ ಇರಬೇಕು. ಎಲ್ಲ ಬಿಳಿಯೂ ನನಗೆ ಚಹಾದ ನೀರಲ್ಲಿ ಅದ್ದಿದ ಬಿಳಿ. ಹಾಗೇ ಅಭ್ಯಾಸ ಆಗೋಯ್ತು.” ಅವನು ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಿದ್ದ. “ಆಪರೇಷನ್ನಿಗೆ ಮಾರ್ಚಲ್ಲಿ ಕರೆದಿದ್ರು. ಆಗ ಇಲಿ ಗಲಾಟೆ. ಸುಗ್ಗಿ ಆದ್ಮೇಲೆ ಬರ್ತೀನಿ ಅಂತ ನಾನೇ ಫೋನ್ ಮಾಡಿ ಮುಂದಕ್ಕೆ ಹಾಕಿಸ್ದೆ. ತುಕ್ಕು ಬಂದ್ರೆ ಗೊತ್ತಾಗತ್ತೆ ಅಂದ್ಕೊಂಡೆ. ಐವತ್ತು ವರ್ಷ ನೋಡಿದೀನಲ್ಲ, ಕಣ್ಣಿಲ್ದೇನೂ ಗೊತ್ತಾಗತ್ತೆ ಅಂದ್ಕೊಂಡೆ.”

ಹನ್ನೆರಡು ಗುರುವಾರ. ಹನ್ನೆರಡು ಸಲ ಅವಳು ಬಿಳಿ ಎಂದು ಬರೆದಿದ್ದಳು. ಐದು ಮನೆಯವರು ಇಲಿಯ ವಿಷಕ್ಕೆ ಓಡಾಡುತ್ತ, ಕ್ಲೆಮ್ ನೋಡುತ್ತಾನೆ ಎಂದು ತಮ್ಮ ಎಲೆ ತಾವು ಮಗುಚಿ ನೋಡಿರಲಿಲ್ಲ.

“ಗಾಡೀಲಿ ಉಳಿದ ನಾಲ್ಕು ಚೀಲ ಇದೆ,” ಎಂದ ಕ್ಲೆಮ್. “ತಂದು ನೋಡು. ಒಂದೊಂದೇ ಬಿಚ್ಚು, ಕೊಡವಬೇಡ.”

ಅವಳು ತಂದಳು. ಮೊದಲ ಚೀಲದ ಗಂಟು ಬಿಚ್ಚಿದಳು. ಬಿಳಿ. ಎರಡನೆಯದು ಬಿಳಿ. ಮೂರನೆಯದು, ಪೂರ್ವದ ಗುಡ್ಡದಾಚೆಯವರದು, ಅದೂ ಬಿಳಿ. ಒಂದು ಹುಲ್ಲಿನ ಕಲೆ ಅಷ್ಟೇ. ನಾಲ್ಕನೆಯದು ಮರ್ವ್ ಬ್ರೆಂಟ್ನಲ್ ಹೊಲದ್ದು, ಇವರ ಬೇಲಿಗೆ ತಾಗಿಕೊಂಡದ್ದು. ಕಾಲಿನ ಅಂಚಿನ ಮಡಿಕೆಯೊಳಗೆ ಬೆರಳುಗುರಿನಷ್ಟು ಹಳದಿ. ಅದನ್ನು ನೋಡಿದ ಮೇಲೆ ಅವಳು ತಲೆಯೆತ್ತಿ ಹೊರಗೆ ನೋಡಿದಳು. ಮನೆಯ ಮುಂದೆ ಆ ಪಟ್ಟೆ, ಈಗ ಹಣ್ಣಾಗಿ ಕುಸಿದು ಬಿದ್ದದ್ದು. ಅದರ ಪಕ್ಕ ಅವರ ಗೋಧಿ. ಅದರಾಚೆ ಮರ್ವ್. ಆಚೆಗೆ ಉಳಿದವರು. ಯಾರಾದರೂ ಒಂದು ಗೆರೆ ಎಳೆದರೆ ಅದು ಅವಳ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

“ನಮ್ಮಿಂದ,” ಎಂದಳು.

ಕ್ಲೆಮ್ ಹೌದೆಂದು ತಲೆಯಾಡಿಸಿದ.

ಬಟ್ಟೆ ಒಗೆಯುವ ಯಂತ್ರ ವರಾಂಡದ ಮೂಲೆಯಲ್ಲೇ ಇತ್ತು. ಅದರ ಮುಚ್ಚಳ ತೆರೆದಿತ್ತು. ಟೀಗನ್ ಅದರ ಕಡೆ ನೋಡಿದ್ದು ಎಷ್ಟು ಹೊತ್ತೋ. ಎರಡು ಪ್ಯಾಂಟು, ಒಂದು ಚಮಚ ಸೋಪುಪುಡಿ, ನಲವತ್ತು ನಿಮಿಷ. ಈ ಸಂಜೆ ಡೂಗಲ್‌ಗೆ ಹೇಳಿದರೆ ನಾಳೆ ಬೆಳಿಗ್ಗೆ ತಮ್ಮ ಹೊಲಕ್ಕೆ ಮಾತ್ರ ಸದ್ದಿಲ್ಲದೆ ತುಕ್ಕಿನ ಔಷಧಿ ಹೊಡೆದುಬಿಡಬಹುದು. ಮುಂದಿನ ವಾರ ಮರ್ವ್ ತಾನೇ ನೋಡಿಕೊಳ್ಳುತ್ತಾನೆ. ಗಾಳಿ ಎಲ್ಲಿಂದ ತಂತೆಂದು ಯಾರು ಹೇಳಬಲ್ಲರು. ವಿನ್ನಿ ಮುಂದಿನ ವರ್ಷ ಶಾಲೆಗೆ ಹೋಗುವ ಬಸ್ಸಿನಲ್ಲಿ ಮರ್ವ್‌ನ ಮೊಮ್ಮಕ್ಕಳೂ ಇರುತ್ತಾರೆ.

“ನಮ್ಮಮ್ಮನ ಯಂತ್ರಕ್ಕೆ ಕೈಯಿಂದ ತಿರುಗಿಸೋ ಹಿಂಡುವ ಉರುಳೆ ಇತ್ತು,” ಎಂದ ಕ್ಲೆಮ್, ಅವಳು ಎಲ್ಲಿ ನೋಡುತ್ತಿದ್ದಾಳೆಂದು ಕಾಣದಿದ್ದರೂ. “ನನಗೆ ಇಪ್ಪತ್ಮೂರು ವರ್ಷ. ಒಂದಿನ ಹೊಲದಿಂದ ಬಂದೆ, ಮೊಣಕಾಲಿನವರೆಗೂ ಕೆಂಪು. ಆಗ ಬರ್ತಿದ್ದದ್ದು ಕಾಂಡದ ತುಕ್ಕು, ಇಟ್ಟಿಗೆ ಪುಡಿ ಬಣ್ಣ. ಅಮ್ಮ ನೋಡಿದ್ಳು, ಅಪ್ಪ ನೋಡಿದ. ಪಾಸ್ಕೋ ಹೊಲದಿಂದ ಬಂತು ಅಂತ ನಾಳೆ ಊರೆಲ್ಲ ಅನ್ನತ್ತೆ, ಒಗೆದು ಹಾಕು, ಬಾಯಿ ಮುಚ್ಕೊಂಡಿರು ಅಂದ ಅಪ್ಪ. ಅಮ್ಮ ಒಗೆದ್ಳು. ಉರುಳೆ ತಿರುಗಿಸ್ದೋನು ನಾನೇ. ನೀರು ಕೆಂಪಗೆ ಹೋಯ್ತು.”

“ಆಮೇಲೆ?”

“ಎಂಟನೇ ದಿನ ಬಡಗಣ ಗಾಳಿ. ನಮ್ಮ ತೆಂಕಲಿಗೆ ಟಕ್‌ವೆಲ್ ಅವರ ಹೊಲ, ನನ್ನ ಹೆಂಡ್ತಿ ನೆರಿಡಾ ಅಪ್ಪಂದು. ಆ ವರ್ಷ ಅವರ ಕಟಾವು ಯಂತ್ರದ ಹಿಂದೆ ಬರೀ ಹೊಟ್ಟು ಹಾರ್ತಿತ್ತು. ಬೆಂಕಿ ಹಚ್ಚಿದ್ರು. ಮನೆ ಮಾರಿ ಹೋದ್ರು. ಆಗ ಔಷಧಿ ಇರ್ಲಿಲ್ಲ, ಹೇಳಿದ್ರೂ ಏನ್ ಮಾಡೋಕಾಗ್ತಿತ್ತು ಅಂತಾರೆ. ಹೇಳಿದ್ರೆ ಹಸಿರಿರುವಾಗ್ಲೇ ಕೊಯ್ದು ಮೇವಾದ್ರೂ ಮಾಡ್ಕೋತಿದ್ರು. ನೆರಿಡಾನ ಮದುವೆ ಆಗಿ ಇಪ್ಪತ್ತು ವರ್ಷ ಆದ್ಮೇಲೆ ಅವಳಿಗೆ ಹೇಳ್ದೆ. ಮಾರನೇ ದಿನ ಬೌಲ್ಸ್ ಕ್ಲಬ್ಬಿಂದ ಒಂದು ಬಿಳಿ ಪ್ಯಾಂಟು ತಂದು ಮಂಚದ ಮೇಲಿಟ್ಟಿದ್ಳು.”

ಒಳಗೆ ಟೋಬಿ ಎದ್ದ ಸದ್ದು. ವಿನ್ನಿ ಅವನಿಗೆ ಏನೋ ಹಾಡು ಹೇಳುತ್ತಿದ್ದಳು. ಟೀಗನ್ ಯಂತ್ರದ ಹತ್ತಿರ ಹೋದಳು, ಮುಚ್ಚಳ ಹಾಕಿದಳು.

“ಪಟ್ಟೆ ಉಳಿಸಿದ್ದು ನಾನು,” ಎಂದಳು. “ಅದನ್ನ ನಾನು ಹೇಳ್ತೀನಿ. ನೀವು ಮಧ್ಯೆ ಬಾಯಿ ಹಾಕಬಾರದು.”

“ಬಿಡಿ ಅಂದವನು ನಾನು.”

“ಮಗು ಬೆರಳು ತೋರಿಸಿ ಅನ್ನಿಸ್ದವಳು ನಾನು.”

ಕ್ಲೆಮ್ ಅವಳ ಮುಖವಿರುವ ಕಡೆಗೆ ನೋಡಿದ, ಮಬ್ಬಾದ ಆ ಕಣ್ಣುಗಳಿಂದ. ಎಲ್ಲೋ ಮೇಲೆ ನೀರೆತ್ತುವ ಗಾಳಿಯಂತ್ರದ ರೆಕ್ಕೆ ಒಂದು ಸುತ್ತು ತಿರುಗಿ ನಿಂತಿತು. ನಾಳೆ ಸಂಜೆಗೆ ಮುಂಚೆ ಐದು ಮನೆಯವರೂ ಔಷಧಿ ಯಂತ್ರ ಹೊರಗೆ ತೆಗೆದರೆ ಬೆಳೆ ಉಳಿಯುತ್ತದೆ. ನಾಲ್ಕು ಮನೆಗೆ ಫೋನಿನಲ್ಲಿ ಹೇಳಿದರೆ ಇದೂ ಬಕೆಟ್ಟಿನಂಥದೇ ತಮಾಷೆ ಎಂದು ಮರ್ವ್ ನಗುತ್ತಾನೆ. ಕ್ಲೆಮ್‌ನ ಗೇಟಿನಲ್ಲಿ ಈ ಹೊತ್ತಿಗೆ ಬಿಳಿ ಬಕೆಟ್ಟು ತೂಗಬೇಕಿತ್ತಲ್ಲ ಎಂದು ಯಾರೋ ಆಗಲೇ ನೋಡುತ್ತಿರಬಹುದು.

“ನನಗೊಂದು ಉಪಕಾರ ಮಾಡ್ತೀಯಾ, ಮಗಾ?”

“ಹೇಳಿ.”

“ನನ್ನ ಗಾಡಿ ಕೀಲಿ ತಗೋ. ಇನ್ನು ನಾನು ಓಡಿಸಬಾರದು. ಮಕ್ಕಳನ್ನ ಹಿಂದೆ ಕೂರಿಸು, ನನ್ನನ್ನ ನಾಲ್ಕೂ ಮನೆಗೆ ಕರ್ಕೊಂಡು ಹೋಗು. ಈ ಪ್ಯಾಂಟು ಬಿಚ್ಚಲ್ಲ, ಎಲ್ಲರೂ ನೋಡ್ಲಿ. ಒಳಗೆ ಕಾಲಿಡಲ್ಲ, ಗೇಟಿನ ಹೊರಗೇ ನಿಲ್ತೀನಿ.”

ಪುಡಿ ಹಾರಿದರೆ ಎಂಬುದು ಮೊದಲು ಹೊಳೆದದ್ದು ಅವಳಿಗೆ. ಒಳಗೆ ಹೋಗಿ, ಉಳಿದ ಊಟದ ತಟ್ಟೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿ ತಂದಳು. ಅವನ ಮುಂದೆ ಮಂಡಿಯೂರಿ, ಎಡಗಾಲಿಗೆ ಕಣಕಾಲಿನಿಂದ ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತತೊಡಗಿದಳು. ಹಳದಿ ಒಳಗೆ ಹಾಗೇ ಕಾಣುತ್ತಿತ್ತು. ವಿನ್ನಿ ಟೋಬಿಯನ್ನು ಎಳೆದುಕೊಂಡು ಬಾಗಿಲಿಗೆ ಬಂದು, “ಕ್ಲೆಮ್ ತಾತನ್ನ ಫ್ರಿಜ್ಜಲ್ಲಿ ಇಡ್ತೀಯಾ?” ಎಂದಳು.

ಕ್ಲೆಮ್ ತಾನೇ ಬಲಗಾಲನ್ನು ಅವಳ ಮುಂದೆ ಚಾಚಿದ.

“ನನ್ನ ಕಣ್ಣಿನ ವಿಷಯ ನಾನೇ ಹೇಳ್ತೀನಿ, ಅದು ನನ್ನ ಬಾಯಿಂದಾನೇ ಬರಬೇಕು,” ಎಂದ. “ಯಾವ ಬಣ್ಣ ಅಂತ ಮಾತ್ರ ನೀನು ಹೇಳು. ಪ್ರತಿ ಗೇಟಲ್ಲೂ, ಗಟ್ಟಿಯಾಗಿ. ನಾನು ಹೇಳಿದ್ರೆ ಇನ್ಮೇಲೆ ಯಾರೂ ನಂಬಬಾರದು.”